ಪರದೆಯ ಮೂಲೆಯ ಪುಟ್ಟ ಹಕ್ಕಿ

ಬೆಳಿಗ್ಗೆ ಐದೂಕಾಲು. ಕರಕೋಲ್ ಪಟ್ಟಣದ ದನದ ಸಂತೆಯ ಹಿಂದಿನ ಬೀದಿಯಲ್ಲಿ ಒಂದೇ ಒಂದು ಅಡುಗೆಮನೆಗೆ ಬೆಳಕು ಬಂದಿದೆ. ಮೇಜಿನ ಮೇಲೆ ಏಪ್ರಿಕಾಟ್ ಜಾಮಿನ ಬಾಟಲಿ, ನಿನ್ನೆಯ ರೊಟ್ಟಿ, ಅವೆರಡರ ನಡುವೆ ಒಂದು ಹಳೆಯ ಲ್ಯಾಪ್‌ಟಾಪ್. ಸಲ್ಕಿನಾಯ್ ಎಸೆಂಕುಲೋವಾ ತಲೆಗೆ ವಸ್ತ್ರ ಬಿಗಿದುಕೊಂಡು ಪರದೆಯ ಬಲ ಮೇಲಿನ ಮೂಲೆಯನ್ನೇ ದಿಟ್ಟಿಸುತ್ತಿದ್ದಾರೆ. ಅಲ್ಲೊಂದು ಪುಟ್ಟ ಚೌಕ ಮೂಡುತ್ತದೆ. ಒಂದು, ಎರಡು, ಮೂರು, ನಾಲ್ಕು, ಐದು ಎಂದು ಬೆರಳು ಮಡಿಸುತ್ತಾರೆ. ಚೌಕ ಮಾಯ. ಅವರ ಮುಖದಲ್ಲಿ ನೆಮ್ಮದಿ. ಮತ್ತೆ ಕೀಲಿ ಒತ್ತುತ್ತಾರೆ, ಮತ್ತೆ ಚೌಕ, ಮತ್ತೆ ಬೆರಳು. ಇದನ್ನು ನೋಡುವುದಕ್ಕೆ ಹಾಸಿಗೆ ಬಿಟ್ಟು ಏಳಬೇಕೇ ಎಂದು ಅತ್ತೆ ಬೂಬೂಸಾರಾ ಹನ್ನೆರಡು ವರ್ಷದಿಂದ ಕೇಳುತ್ತಲೇ ಇದ್ದಾರೆ.

ನೀವು ಕಂಪ್ಯೂಟರಿನಲ್ಲಿ ಏನೋ ಬರೆಯುತ್ತಿರುವಾಗ ‘ಹೊಸ ಪತ್ರ ಬಂದಿದೆ’ ಎಂದು ಮೂಲೆಯಲ್ಲಿ ಒಂದು ಚೀಟಿ ಇಣುಕಿ ಹೋಗುತ್ತದಲ್ಲ, ಬಲ್ಲವರು ನೋಟಿಫಿಕೇಶನ್ ಅನ್ನುತ್ತಾರೆ. ಅದು ಯಾವಾಗ ಇಣುಕಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂದು ತೀರ್ಮಾನಿಸುವುದಕ್ಕೇ ಒಂದು ತಂತ್ರಾಂಶ ಬೇಕು. ಸಲ್ಕಿನಾಯ್ ಕಟ್ಟಿದ್ದು ಅದನ್ನೇ. ಹೆಸರು ಚಿಮ್ಚಿಕ್, ಅಂದರೆ ಪುಟ್ಟ ಹಕ್ಕಿ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶ. ಲಕ್ಷಾಂತರ ಕಂಪ್ಯೂಟರುಗಳಲ್ಲಿ ಈ ಹಕ್ಕಿ ಕೂತಿದೆ. ಅದನ್ನು ಸಾಕುತ್ತಿರುವವರು ಇಲ್ಲಿನ ಶಾಲೆಯ ಕಂಪ್ಯೂಟರ್ ಟೀಚರ್ ಎಂಬುದು ಪಕ್ಕದ ಮನೆಗೂ ಗೊತ್ತಿಲ್ಲ. ಪಕ್ಕದ ಮನೆಯವರ ಲೆಕ್ಕದಲ್ಲಿ ಅವರು ‘ಕಂಪ್ಯೂಟರಿಗೆ ಗಂಟೆ ಕಟ್ಟೋ ಹೆಂಗಸು’.

“ನಮ್ ಕೆಲಸ ಚೆನ್ನಾಗಿದ್ರೆ ಯಾರ್ ಕಣ್ಣಿಗೂ ಬೀಳಲ್ಲ,” ಅನ್ನುತ್ತಾರೆ ಸಲ್ಕಿನಾಯ್, ರೊಟ್ಟಿ ಮುರಿಯುತ್ತಾ. “ಕೆಟ್ಟಾಗ ಮಾತ್ರ ಇಡೀ ಪ್ರಪಂಚಕ್ಕೆ ನನ್ ಹೆಸರು ನೆನಪಾಗುತ್ತೆ. ದಿನಕ್ಕೆ ಹದಿನಾಲ್ಕು ಪತ್ರ ಬರುತ್ವೆ. ಒಂಬತ್ತು ದೂರು, ಮೂರು ಬೈಗುಳ, ಒಂದು ಯಾರದೋ ತಂತ್ರಾಂಶದ್ದು ತಪ್ಪಿ ನನಗೆ ಬಂದಿದ್ದು.” ಹದಿನಾಲ್ಕನೆಯದು? “ಅದು ನಮ್ ಯಜಮಾನ್ರು ಕಳಿಸೋದು, ಸರಿಯಾಗಿ ಬರ್ತಿದ್ಯಾ ಅಂತ ನೋಡೋಕೆ.”

ಇದೆಲ್ಲ ಶುರುವಾದದ್ದು ಒಬ್ಬ ಇನ್‌ಸ್ಪೆಕ್ಟರ್ ಹೊಟ್ಟೆಯಿಂದ. ಹನ್ನೆರಡು ವರ್ಷದ ಹಿಂದೆ ಜಿಲ್ಲೆಯಿಂದ ಬಂದ ಶಾಲಾ ಇನ್‌ಸ್ಪೆಕ್ಟರ್ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ಪಾಠ. ಆಗ ಪಕ್ಕದ ಕೋಣೆಯ ಭೂಗೋಳದ ಟೀಚರ್ ಕಳಿಸಿದ ಸಂದೇಶ ಗೋಡೆಯ ಮೂಲೆಯಲ್ಲಿ ಬಾಗಿಲಗಲ ಮೂಡಿತು: ‘ಹೊಟ್ಟೆ ಸಾಹೇಬ ತೊಲಗಿದ್ನಾ? ಚಹಾಕ್ಕೆ ಬರ್ಲಾ?’ ಇಡೀ ತರಗತಿ ಓದಿತು. ಇನ್‌ಸ್ಪೆಕ್ಟರ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಆಮೇಲೆ, “ಇನ್ನೂ ಇಲ್ಲ ಅಂತ ಬರೀರಿ ಟೀಚರ್,” ಅಂದರಂತೆ.

ಅವತ್ತೇ ಸಂಜೆ ಸಲ್ಕಿನಾಯ್ ಆಗ ಚೀಟಿ ತೋರಿಸುತ್ತಿದ್ದ ತಂತ್ರಾಂಶ ಮಾಡಿದವರಿಗೆ ಉರಿದುಬಿದ್ದು ಪತ್ರ ಬರೆದರು. ಒಂದು ಸಾಲಿನ ಉತ್ತರ ಬಂತು: ಕೋಡ್ ಎಲ್ಲರಿಗೂ ತೆರೆದೇ ಇದೆ, ನೀವೇ ಸರಿಮಾಡಿ ಕಳಿಸಬಹುದು. “ಬೇರೆಯವ್ರಾಗಿದ್ರೆ ಅದನ್ನ ‘ಮುಂದೆ ಹೋಗಮ್ಮ’ ಅಂತ ಅರ್ಥ ಮಾಡ್ಕೋತಿದ್ರು. ನಾನು ಆಹ್ವಾನ ಅನ್ಕೊಂಡೆ. ಆ ತಪ್ಪೇ ಇವತ್ತಿನವರೆಗೂ ನಡೀತಾ ಇದೆ.” ಹಕ್ಕಿಯ ಮೊದಲ ನಿಯಮ ಹೀಗೆ ಹುಟ್ಟಿತು: ಪ್ರೊಜೆಕ್ಟರ್ ಹಚ್ಚಿದ ಕೂಡಲೇ ತೆಪ್ಪಗಿರಬೇಕು.

ಮಿಕ್ಕ ನಿಯಮಗಳು ಬಂದದ್ದು ಅತ್ತೆ ನೆಲದ ಮೇಲೆ ಹರಡುವ ಚಹಾದ ಹಾಸಿನಿಂದ. ಇಲ್ಲಿ ಚಹಾ ಬಗ್ಗಿಸುವುದು ಸೊಸೆಯ ಕೆಲಸ. ಸೊಸೆಯನ್ನು ಕರೆಯುವುದೂ ಹೆಸರು ಹಿಡಿದಲ್ಲ, ‘ಕೆಲಿನ್’ ಎಂದು. ಬಟ್ಟಲಿಗೆ ಅರ್ಧಕ್ಕಿಂತ ಕಡಿಮೆ ಹಾಕಬೇಕು, ಮತ್ತೆ ಮತ್ತೆ ಹಾಕಬೇಕು. ತುಂಬಿಸಿ ಕೊಟ್ಟರೆ ‘ಕುಡಿದು ಹೊರಡಿ’ ಎಂದಂತೆ. ಮದುವೆಯಾಗಿ ಬಂದ ಹೊಸತರಲ್ಲಿ ರಾಜಧಾನಿ ಬಿಷ್ಕೆಕ್‌ನಲ್ಲಿ ಗಣಿತ ಓದಿದ ಈ ಸೊಸೆ ಮಾತಿನ ಭರದಲ್ಲಿ ದೊಡ್ಡತ್ತೆಗೆ ತುಳುಕುವಷ್ಟು ತುಂಬಿಸಿ ಕೊಟ್ಟು, ದೊಡ್ಡತ್ತೆ ನಿಜವಾಗಿಯೂ ಎದ್ದು ಹೊರಟೇಬಿಟ್ಟಿದ್ದರು. ಎರಡನೆಯ ನಿಯಮ ಅಲ್ಲಿಂದಲೇ: ಚಿಮ್ಚಿಕ್ ತೋರಿಸುವ ಚೀಟಿ ಎರಡು ಸಾಲು ದಾಟುವುದಿಲ್ಲ. ಹೆಚ್ಚು ಬೇಕೆಂದರೆ ನೀವೇ ಒತ್ತಿ ಕೇಳಬೇಕು.

ಮೂರನೆಯ ನಿಯಮವೇ ಕೊರಳಿಗೆ ಬಂದದ್ದು. ಹಾಸಿನ ಸುತ್ತ ಕೂರುವಾಗ ಬಾಗಿಲಿನಿಂದ ದೂರದ ಜಾಗಕ್ಕೆ ತೋರ್ ಎಂದು ಹೆಸರು. ಅದು ಹಿರಿಯರದು. ಬಾಗಿಲ ಪಕ್ಕ ಕಿರಿಯರದು, ಮತ್ತೆ ಬಾಯಿಬಡುಕರದು. ಕಂಪ್ಯೂಟರಿನ ಪ್ರತಿ ಚೀಟಿಯ ಮೇಲೂ ‘ತುರ್ತು’ ಎಂಬ ಗುರುತು ಹಾಕಲು ಅವಕಾಶವಿದೆ. ಅವಕಾಶ ಸಿಕ್ಕ ಮೇಲೆ ಯಾರು ಬಿಡುತ್ತಾರೆ? ಆಟದ ತಂತ್ರಾಂಶವೂ ‘ತುರ್ತು! ನಿಮ್ಮ ಕೋಟೆ ನಿಮ್ಮನ್ನು ನೆನೆಯುತ್ತಿದೆ’ ಎಂದು ಅರಚುತ್ತದೆ. ಕಳೆದ ವಸಂತದ ಆವೃತ್ತಿಯಲ್ಲಿ ಸಲ್ಕಿನಾಯ್ ಒಂದು ಏರ್ಪಾಡು ಮಾಡಿದರು. ಯಾರದೇ ತುರ್ತು ಚೀಟಿಯನ್ನು ಜನ ಓದದೆಯೇ ಮೂರು ಸಲ ತಳ್ಳಿಬಿಟ್ಟರೆ ಆ ತಂತ್ರಾಂಶ ಸುಳ್ಳುಬುರುಕ, ಅದನ್ನು ತೋರ್‌ನಿಂದ ಎಬ್ಬಿಸಿ ಬಾಗಿಲ ಪಕ್ಕ ಕೂರಿಸು. ಆಮೇಲೆ ಅದರ ಚೀಟಿ ಪರದೆಗೆ ಬರದೆ ಸದ್ದಿಲ್ಲದೆ ಪಟ್ಟಿಗೆ ಸೇರುತ್ತದೆ. ಎಂಟು ದಿನ ಎಲ್ಲರೂ ಕೊಂಡಾಡಿದರು. ಎಂಥಾ ನೆಮ್ಮದಿ ಅಂದರು.

ಒಂಬತ್ತನೆಯ ದಿನದಿಂದ ಲ್ಯಾಪ್‌ಟಾಪ್‌ಗಳು ಸಾಯತೊಡಗಿದವು.

ಆಗಿದ್ದು ಇಷ್ಟೆ. ಬ್ಯಾಟರಿ ಕಡಿಮೆಯಾದಾಗ ‘ಶೇಕಡ ಇಪ್ಪತ್ತು ಉಳಿದಿದೆ’, ‘ಹತ್ತು’, ‘ಐದು’ ಎಂದು ಮೂರು ತುರ್ತು ಚೀಟಿ ಬರುತ್ತವೆ. ಜನ ಏನು ಮಾಡುತ್ತಾರೆ? ಹ್ಞೂಂ ಹ್ಞೂಂ ಗೊತ್ತಾಯ್ತು ಎಂದು ಮೂರನ್ನೂ ತಳ್ಳಿ, ನಿಧಾನಕ್ಕೆ ಎದ್ದು ತಂತಿ ಹುಡುಕುತ್ತಾರೆ. ಹಕ್ಕಿ ಎಣಿಸಿತು, ಸುಳ್ಳುಬುರುಕ ಎಂದು ತೀರ್ಪು ಕೊಟ್ಟು ಬ್ಯಾಟರಿಯನ್ನೇ ಬಾಗಿಲ ಪಕ್ಕಕ್ಕೆ ಕಳಿಸಿತು. ಮುಂದಿನ ಸಲ ಬ್ಯಾಟರಿ ಯಾರಿಗೂ ಕೇಳಿಸದ ಹಾಗೆ ಕೂಗಿಕೊಂಡು ಪ್ರಾಣ ಬಿಟ್ಟಿತು. ಎರಡು ದಿನದಲ್ಲಿ ಇನ್ನೂರ ಹನ್ನೆರಡು ಪತ್ರ. ಅಲ್ಮಾಟಿಯ ಒಬ್ಬಾಕೆ ಕೆಲಸದ ಆನ್‌ಲೈನ್ ಸಂದರ್ಶನದಲ್ಲಿ ‘ನನ್ನ ದೊಡ್ಡ ಗುಣ ಅಂದರೆ ಮುಂದಾಲೋಚನೆ’ ಎನ್ನುವಷ್ಟರಲ್ಲಿ ಪರದೆ ಕಪ್ಪಾಗಿತ್ತು.

ಮಾಡಿದವರಿಗೇ ಇದು ಕಾಣಲಿಲ್ಲವೇ? ಕಾಣಲಿಲ್ಲ. ಸಲ್ಕಿನಾಯ್ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಆರು ವರ್ಷ. ಅದನ್ನು ಕಿತ್ತು ಹಾಕಿ, ತಂತಿ ಚುಚ್ಚಿಯೇ ಕೆಲಸ. ಕರೆಂಟ್ ಹೋದರೆ ಅವರ ಯಂತ್ರ ಮುನ್ಸೂಚನೆ ಗಿನ್ಸೂಚನೆ ಎನ್ನದೆ ಒಂದೇ ಸಲಕ್ಕೆ ಹೋಗುತ್ತದೆ. ಅಲ್ಲಿಂದೀಚೆಗೆ ಬ್ಯಾಟರಿಯ ಚೀಟಿಯನ್ನು ಅವರು ಕಣ್ಣಾರೆ ಕಂಡೇ ಇರಲಿಲ್ಲ.

ಸೋಮವಾರ ರೈನೋ ಬರೆದರು. ಎಸ್ಟೋನಿಯಾದ ಈ ಮನುಷ್ಯ ಓಸಿನಾ ಎಂಬ ಡೆಸ್ಕ್‌ಟಾಪಿನ, ಅಂದರೆ ಕಂಪ್ಯೂಟರ್ ತೆರೆದಾಗ ಕಾಣುವ ಇಡೀ ಪರದೆಯನ್ನು ನಡೆಸುವ ತಂತ್ರಾಂಶದ, ಮೇಲ್ವಿಚಾರಕ. ಚಿಮ್ಚಿಕ್ ಅಷ್ಟೊಂದು ಕಂಪ್ಯೂಟರು ಮುಟ್ಟುವುದು ಓಸಿನಾದ ಜೊತೆಗೆ. ಒರಟರಲ್ಲ, ಆದರೆ ನೇರ. ಬರೆದದ್ದಿಷ್ಟು: ಓಸಿನಾದ ಹೊಸ ಆವೃತ್ತಿಯ ಬಾಗಿಲು ಶುಕ್ರವಾರ ಮಧ್ಯಾಹ್ನ ಮುಚ್ಚುತ್ತದೆ, ಆಮೇಲೆ ಏನನ್ನೂ ಸೇರಿಸುವುದಿಲ್ಲ. ಅಷ್ಟರಲ್ಲಿ ಈ ಕೂರಿಸುವ ಎಬ್ಬಿಸುವ ಪದ್ಧತಿಯನ್ನು ಕಿತ್ತುಹಾಕಿ, ಇಲ್ಲವೇ ಚಿಮ್ಚಿಕ್‌ನ ಜಾಗಕ್ಕೆ ಬೇರೊಂದನ್ನು ತರುತ್ತೇವೆ. ಆ ಬೇರೊಂದು ಬಂದದ್ದನ್ನೆಲ್ಲ ಬಂದ ಹಾಗೇ ಪರದೆಯ ಮೇಲೆ ಸುರಿಯುವಂಥದ್ದು.

“ಎರಡೂ ಕಡೆ ಸೋಲೇ,” ಅನ್ನುತ್ತಾರೆ ಸಲ್ಕಿನಾಯ್. “ಕಿತ್ತುಹಾಕಿದ್ರೆ ಮತ್ತೆ ಎಲ್ರೂ ತೋರ್‌ನಲ್ಲೇ ಕೂತು ಕೂಗ್ತಾರೆ. ಕೀಳದೇ ಇದ್ರೆ ಹಕ್ಕೀನೇ ಆಚೆಗೆ. ಹನ್ನೆರಡು ವರ್ಷ ಬೆಳಗ್ಗೆ ಬೆಳಗ್ಗೆ ಎದ್ದಿದ್ದು ಇದಕ್ಕಾ ಅಂತ ಹಿಟ್ಟು ನಾದ್ತಾ ನಾದ್ತಾ ಅತ್ತುಬಿಟ್ಟೆ. ಅವತ್ತಿನ ರೊಟ್ಟಿಗೆ ಉಪ್ಪು ಜಾಸ್ತಿಯಾಗಿದೆ ಅಂದ್ರು ಅಪಾ.” ಅಪಾ ಅಂದರೆ ಅತ್ತೆ.

ಬುಧವಾರ ಬೆಳಿಗ್ಗೆ ಒಲೆಯ ಮೇಲೆ ಹಾಲಿದೆ, ಸೊಸೆಯ ಕಣ್ಣು ಪರದೆಯಲ್ಲಿದೆ.

“ಕೆಲಿನ್, ಹಾಲು.”

“ಹ್ಞೂಂ ಅಪಾ.”

“ಹಾಲು ನೋಡೇ.”

“ಹ್ಞೂಂ, ನೋಡ್ದೆ.”

“ಏ ಹುಡುಗಿ, ಹಾಲು!”

“ಗೊತ್ತಾಯ್ತು ಅಪಾ!”

ಹಾಲು ಉಕ್ಕಿ ಒಲೆ ಆರಿ ಮನೆಯೆಲ್ಲ ಸೀದ ವಾಸನೆ. ಬೂಬೂಸಾರಾ ಸೊಂಟಕ್ಕೆ ಕೈಯಿಟ್ಟು ನಿಂತರು. “ಮೂರು ಸಲ ಹೇಳ್ದೆ. ಮೂರು ಸಲಾನೂ ಹ್ಞೂಂ ಅಂದೆ. ನಾನೇನು ಸುಳ್ ಹೇಳ್ದ್ನಾ? ನೀನು ಕಿವಿಗ್ ಹಾಕ್ಕೊಳ್ದೇ ಇದ್ರೆ ನಾನ್ ಸುಳ್ಳೀನಾ? ಉಕ್ತೋ ಇಲ್ವೋ, ಅದನ್ ಹೇಳು!”

ಸಲ್ಕಿನಾಯ್ ಬಟ್ಟೆ ಹಿಡಿದು ಒಲೆ ಒರೆಸುವುದು ಬಿಟ್ಟು ಅತ್ತೆಯನ್ನೇ ನೋಡುತ್ತಾ ನಿಂತರು. ಆಮೇಲೆ ಎರಡೂ ಕೆನ್ನೆಗೆ ಮುತ್ತಿಟ್ಟು ಲ್ಯಾಪ್‌ಟಾಪಿನ ಕಡೆ ಓಡಿದರು. ಒಲೆ ಒರೆಸಿದ್ದು ಬೂಬೂಸಾರಾ. ಅದನ್ನು ಅವರು ಇವತ್ತಿಗೂ ಮರೆತಿಲ್ಲ.

ಹಕ್ಕಿಯ ತಪ್ಪು ಅಲ್ಲೇ ಇತ್ತು. ಕೇಳುವವನು ತಳ್ಳಿದನೋ ಇಲ್ಲವೋ ಎಂದು ಎಣಿಸುತ್ತಿತ್ತೇ ಹೊರತು ಹೇಳಿದ್ದು ನಿಜವಾಯಿತೋ ಇಲ್ಲವೋ ಎಂದು ನೋಡುತ್ತಿರಲಿಲ್ಲ. ಈಗ ಚೀಟಿ ತಳ್ಳಿದ ಮೇಲೂ ಹತ್ತು ನಿಮಿಷ ಕಾಯುತ್ತದೆ. ನೀವು ತಂತಿ ಚುಚ್ಚಿದಿರಾ, ಬ್ಯಾಟರಿ ಇಳಿಯಿತಾ, ಆ ಪತ್ರ ತೆರೆದಿರಾ? ಹಾಗಾದರೆ ಹೇಳಿದವನು ಸತ್ಯವಂತ, ತೋರ್‌ನಲ್ಲೇ ಇರಲಿ. ಕೋಟೆ ನೆನೆಯುತ್ತಿದೆ ಎಂದವನ ಮಾತಿಗೆ ಯಾರೂ ಏಳಲಿಲ್ಲವೇ? ಬಾಗಿಲಿಗೆ ನಡೆ. ಇನ್ನು ಯಂತ್ರದ ಮೈಯೊಳಗಿನಿಂದ ಬರುವ ಮಾತು, ಬ್ಯಾಟರಿಯದ್ದು, ಬಿಸಿಯದ್ದು, ಅದನ್ನು ತೋರ್‌ನಿಂದ ಎಬ್ಬಿಸುವ ಹಾಗೇ ಇಲ್ಲ, ತೊಂದರೆ ತೀರುವ ತನಕ ತಳ್ಳಿದರೂ ಮತ್ತೆ ಬರುತ್ತದೆ. ಪ್ರೊಜೆಕ್ಟರ್ ಇದ್ದರೂ ಅದು ಬಾಯಿ ಬಿಡಬಹುದು. “ಮನೆ ಹಿರೀಕರನ್ನ ಬಾಗಿಲಲ್ಲಿ ಕೂರಿಸೋರುಂಟಾ? ನನಗೇ ನಾಚಿಕೆಯಾಯ್ತು.”

ಗುರುವಾರ ಪರೀಕ್ಷೆ. ಗಂಡ ಎರ್ಮೆಕ್ ಪಶುವೈದ್ಯರು. ಅವರ ಲ್ಯಾಪ್‌ಟಾಪಿಗೆ ಕುರಿ ವಾಸನೆಯಿದ್ದರೂ ಬ್ಯಾಟರಿ ಇನ್ನೂ ಬದುಕಿದೆ. ಅದನ್ನು ಇಳಿಸಲೆಂದು ಮನೆಯವರೆಲ್ಲ ಕೂತು ಮದುವೆಯ ವಿಡಿಯೊ ನೋಡಿದರು. ಯಾವತ್ತೂ ಎರಡು ಗಂಟೆ ಬಾಳದ ಬ್ಯಾಟರಿ ಅವತ್ತು ಮೂರೂವರೆ ಗಂಟೆ ಬಾಳಿತು. “ಬೇಡದಿದ್ದಾಗ ಎಲ್ಲಾ ಗಟ್ಟಿಯಾಗೇ ಇರುತ್ತೆ,” ಎಂದು ಎರ್ಮೆಕ್ ಗೊಣಗಿದರು. ಕೊನೆಗೂ ಚೀಟಿ ಬಂದಾಗ ಅದನ್ನು ತಳ್ಳುವ ಕೆಲಸ ಬೂಬೂಸಾರಾ ಅವರದು. ಅವರು ಮೌಸ್ ಮೇಲೆ ಕೈಯಿಟ್ಟರು, ತೆಗೆದರು.

“ಪಾಪ, ಒಳ್ಳೇದಕ್ಕೇ ಹೇಳ್ತಾ ಇದೆ. ಹೇಗ್ ಓಡಿಸ್ಲಿ?”

“ಓಡಿಸಿ ಅಪಾ, ಮತ್ತೆ ಬರುತ್ತಾ ಇಲ್ವಾ ನೋಡ್ಬೇಕು.”

“ಆಯ್ತಪ್ಪಾ, ಕೇಳಿಸ್ತು, ಬೇಜಾರ್ ಮಾಡ್ಕೋಬೇಡ,” ಎಂದು ಪರದೆಗೆ ಹೇಳಿ ಅವರು ಒತ್ತಿದರು. ಚೀಟಿ ಮತ್ತೆ ಬಂತು. ಹನ್ನೊಂದು ಸಲ ತಳ್ಳಿದರು, ಹನ್ನೊಂದು ಸಲವೂ ಬಂತು. ಆಮೇಲೆ ಅವರಿಗೂ ರೇಗಿತು.

ಶುಕ್ರವಾರ ಹನ್ನೊಂದು ಗಂಟೆಗೆ ಶಾಲೆಯ ಸಿಬ್ಬಂದಿ ಕೋಣೆಯಿಂದ ಸಲ್ಕಿನಾಯ್ ತಿದ್ದುಪಡಿ ಕಳಿಸಿದರು. ಏಳನೇ ತರಗತಿಗೆ ಪಾಠ ಮಾಡಿದರು, ಏನು ಮಾಡಿದರೆಂದು ನೆನಪಿಲ್ಲ. ಎರಡು ಗಂಟೆಗೆ ರೈನೋ ಉತ್ತರ ಬಂತು: ‘ಸೇರಿಸಿದ್ದೇನೆ. ಪದ್ಧತಿ ಉಳಿಯಲಿ, ಹಕ್ಕಿಯೂ ಇರಲಿ. ಒಂದು ಪ್ರಶ್ನೆ. ನಿಜವೋ ಸುಳ್ಳೋ ನೋಡುವ ಭಾಗಕ್ಕೆ ಅಪಾ ಎಂದು ಹೆಸರಿಟ್ಟಿದ್ದೀರಿ, ಅದು ಯಾವುದರ ಸಂಕ್ಷೇಪ?’ ಸಲ್ಕಿನಾಯ್ ಬರೆದರು: ‘ಯಾವುದರದ್ದೂ ಅಲ್ಲ. ಅದು ಪೂರ್ತಿ ಹೆಸರು.’

ಹೊಸ ಓಸಿನಾ ಹೊರಬಂದು ಎರಡು ತಿಂಗಳು. ದೂರು ಮತ್ತೆ ದಿನಕ್ಕೆ ಒಂಬತ್ತಕ್ಕೆ ಇಳಿದಿದೆ. ಹೋದ ವಾರ ಓಶ್ ಊರಿನಿಂದ ಜೂಮಾದಿಲ್ ಎಂಬವರ ಬೈಗುಳ ಬಂತು. ಮದುವೆಮನೆಗಳಲ್ಲಿ ವಿಡಿಯೊ ತೋರಿಸುವುದು ಅವರ ಕಸುಬು. ಮದುಮಗನ ತಾತ ಆಸ್ಪತ್ರೆಯ ಹಾಸಿಗೆ ಬಿಟ್ಟು ಬರುವ ಸ್ಥಿತಿಯಲ್ಲಿರಲಿಲ್ಲ, ಮಲಗಿದಲ್ಲೇ ಹರಸಿದ್ದನ್ನು ಚಿತ್ರೀಕರಿಸಿ ತಂದಿದ್ದರು. ಮುನ್ನೂರು ಜನರ ಎದುರು ತಾತ ಗೋಡೆಯ ಮೇಲೆ ಕೈಯೆತ್ತಿ ಹರಸುತ್ತಿರುವಾಗ ಸರಿಯಾಗಿ ಅವರ ಗಡ್ಡದ ಮೇಲೆ ‘ಬ್ಯಾಟರಿ ಮುಗಿಯುತ್ತಿದೆ’ ಎಂದು ಬಂತಂತೆ. ‘ನಿಮಗೆ ಹಿರಿಯರು ಕಿರಿಯರು ಅನ್ನೋದಿಲ್ವಾ?’

ಸಲ್ಕಿನಾಯ್ ಒಂದೇ ಪ್ರಶ್ನೆ ಕೇಳಿ ಕಳಿಸಿದರು: ತಂತಿ ಹಾಕಿದಿರಾ?

‘ಹಾಕ್ದೆ. ಓಡಿಹೋಗಿ ಹಾಕ್ದೆ. ತಾತ ಕೊನೇವರೆಗೂ ಹರಸಿದ್ರು, ಮುನ್ನೂರು ಜನಾನೂ ಆಮೀನ್ ಅಂದು ಮುಖ ಸವರಿಕೊಂಡ್ರು, ಮದುಮಗ ಅತ್ತುಬಿಟ್ಟ. ಆದ್ರೂ ಗಡ್ಡದ ಮೇಲೆ ಬರಬಾರ್ದಿತ್ತು.’

ಈ ಪತ್ರವನ್ನು ಸಲ್ಕಿನಾಯ್ ಅಳಿಸಿಲ್ಲ. ತೆಗೆದು ತೋರಿಸುತ್ತಾರೆ, ಓದಿ ಹೇಳುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಾರೆ.

“ಅವ್ರು ಹೇಳೋದೂ ಸರಿ. ಗಡ್ಡದ ಮೇಲೆ ಬಂದಿದ್ದು ತಪ್ಪೇ, ಸರಿಮಾಡ್ತೀನಿ,” ಅನ್ನುತ್ತಾರೆ. “ಆದ್ರೆ ತಾತ ಪೂರ್ತಿ ಹರಸಿದ್ರಲ್ಲ.”