ಇನ್ಸ್‌ಪೆಕ್ಟರ್ ಕೋಟಿನ ಎರಡನೇ ಗುಂಡಿ

ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅತ್ತಿಗೆ ನೇರವಾಗಿ ಕೇಳಿದಾಗಲೂ ಬಿಡಲಿಲ್ಲ. ಈ ವಾರದ ಅಂಕಣಕ್ಕೆ ಬೇರೆ ಏನನ್ನಾದರೂ ಬರೆಯೋಣ ಎಂದು ಕೂತೆ. ಆಗಲಿಲ್ಲ.

ನನ್ನ ಓದು ಏಳನೇ ಕ್ಲಾಸಿಗೆ ಮುಗಿದದ್ದು ನಿಮಗೆ ಗೊತ್ತೇ ಇದೆ. ಆರ್.ಟಿ. ನಗರದಲ್ಲಿ ಬ್ಲೌಸ್ ಹೊಲಿಯುವವಳು ನಾನು. ಅಂಥವಳು ಪ್ರತಿ ಭಾನುವಾರ ಮಧ್ಯಾಹ್ನ ಐವತ್ತರ ದಶಕದ ಬ್ರಿಟಿಷ್ ಸಿನಿಮಾ ನೋಡುತ್ತಾಳೆ ಅಂದರೆ ನಂಬುತ್ತೀರಾ? ನಂಬಿ. ಅದಕ್ಕೆ ಕಾರಣ ನಮ್ಮಣ್ಣ.

ಅಣ್ಣ ಕಂಟೋನ್ಮೆಂಟ್ ಕಡೆ ಒಂದು ಇಂಗ್ಲಿಷ್ ಲೈಬ್ರರಿಯಲ್ಲಿ ಅಟೆಂಡರ್ ಆಗಿದ್ದ. ಅಲ್ಲಿ ಶನಿವಾರ ಹಳೇ ಸಿನಿಮಾ ತೋರಿಸುತ್ತಿದ್ದರು. ಪ್ರೊಜೆಕ್ಟರ್ ಓಡಿಸುವ ಕೆಲಸ ಇವನದು. ಒಂದೊಂದನ್ನೂ ಎಷ್ಟು ಸಲ ನೋಡಿದನೋ, ಇಂಗ್ಲಿಷ್ ತಾನಾಗಿಯೇ ಬಂತು. ಈಗ ರಿಟೈರ್ ಆಗಿ ಕೆಂಪಾಪುರದಲ್ಲಿದ್ದಾನೆ. ಅವೇ ಸಿನಿಮಾಗಳು ಮನೆಯ ಟಿ.ವಿ.ಯಲ್ಲೇ ಸಿಗುತ್ತವೆ. ಊಟ ಮುಗಿಸಿ, ಕಿಟಕಿಯ ಪರದೆ ಎಳೆದು, ನಾವಿಬ್ಬರೂ ದಿವಾನ್ ಕಾಟಿನ ಮೇಲೆ ಕೂತರೆ ಲಂಡನ್ನಿನ ಮಂಜು ಕೆಂಪಾಪುರಕ್ಕೆ ಇಳಿಯುತ್ತಿತ್ತು.

ಕಪ್ಪು ಬಿಳುಪು. ಒದ್ದೆ ಬೀದಿ. (ಆ ಜನಕ್ಕೆ ಏನೇ ಆಗಲಿ, ಮೊದಲು ಟೀ. ಮಹಡಿಯ ಮೇಲೆ ಹೆಣ ಬಿದ್ದಿದ್ದರೂ ಕೆಳಗೆ ಕೆಟಲ್ ಇಡುತ್ತಾರೆ!) ಅಣ್ಣ ಎಲ್ಲರ ಮಾತನ್ನೂ ನಮ್ಮ ಕನ್ನಡದಲ್ಲಿ ಆಡುತ್ತಿದ್ದ.

“ಏನ್ ಮೇಡಂ, ನಿನ್ನೆ ಸಾಯಂಕಾಲ ಎಲ್ಲಿದ್ರಿ?” ಇದು ಒಂದು ಸಿನಿಮಾದ ಇನ್ಸ್‌ಪೆಕ್ಟರ್.

“ಇನ್ನೆಲ್ಲಿರ್ತೀನಿ ಸಾರ್, ಈ ಮುಂಡೇವಕ್ಕೆ ಬೇಯ್ಸಿ ಹಾಕ್ತಾ ಇದ್ದೆ!” ಇದು ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟ ಹೆಂಗಸು. ಅಣ್ಣ ಅವಳಿಗೆ ಇಟ್ಟ ಹೆಸರು ಪಿ.ಜಿ. ಆಂಟಿ.

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಎಷ್ಟು ಹಿಡಿಸಿತೆಂದರೆ, ಎರಡು ತಿಂಗಳಾದ ಮೇಲೆ ಅದೇ ಸಿನಿಮಾವನ್ನು ಮತ್ತೆ ಹಾಕಿಸಿದೆ.

ಅವತ್ತು ಶುರುವಾಯಿತು ನೋಡಿ. ಅದೇ ಇನ್ಸ್‌ಪೆಕ್ಟರ್ ಬಾಗಿಲು ಬಡಿದ. ಅಣ್ಣ ಹೇಳಿದ, “ಇವ್ನು ಅವಳ ಗಂಡ. ಯುದ್ಧದಿಂದ ವಾಪಸ್ ಬಂದ.”

ಗಂಡನೇ? ಇಂಗ್ಲಿಷ್ ನನಗೆ ಬರುವುದಿಲ್ಲ, ಸರಿ. ಕೋಟು ಗೊತ್ತಾಗುವುದಿಲ್ಲವೇ? ಅಗಲ ಕಾಲರು, ಎರಡು ಸಾಲು ಗುಂಡಿ. ಬಲಗಡೆ ಎರಡನೇ ಗುಂಡಿ ದಾರಕ್ಕೆ ಜೋತುಬಿದ್ದಿತ್ತು. ಮೊದಲ ಸಲ ನೋಡಿದಾಗಲೇ ನನ್ನ ಕೈ ಸೂಜಿ ಹುಡುಕಿತ್ತು.

ಆದರೂ ನನ್ನನ್ನೇ ಅನುಮಾನಿಸಿದೆ. ಇಂಗ್ಲಿಷ್ ಬಲ್ಲವನು ಅವನು. ನನಗೇನು ಗೊತ್ತು?

ಮುಂದಿನ ವಾರ ಬೇಕೆಂದೇ ಅದನ್ನೇ ಹಾಕಿಸಿದೆ. ‘ಹೋದ್ವಾರ ನೋಡಿದ್ವಲ್ಲೇ’ ಅನ್ನಲಿ ಎಂದು ಕಾದೆ. ಅನ್ನಲಿಲ್ಲ. ಈ ಸಲ ಇನ್ಸ್‌ಪೆಕ್ಟರ್ ಡಾಕ್ಟರಾಗಿದ್ದ. ಪಿ.ಜಿ. ಆಂಟಿ ಕೆಟಲ್ ಹಿಡಿದು ಬಂದಾಗ ಅಣ್ಣ ಮೆಲ್ಲಗೆ, “ಅಮ್ಮ ಬಂದ್ಲು, ಕಾಲ್ ತೆಗಿ” ಅಂದ.

ನಮ್ಮಮ್ಮ ತೀರಿಕೊಂಡು ಇಪ್ಪತ್ತು ವರ್ಷ. ಕಾಲು ತೆಗೆದೆ.

ಆ ವಾರವೇ ಅಡುಗೆಮನೆಯಲ್ಲಿ ಅತ್ತಿಗೆ ಕೇಳಿದರು. “ಸರೋಜಾ, ನಿಮ್ಮಣ್ಣ ಯಾಕೋ ಒಂಥರಾ ಇದಾರೆ ಕಣೇ. ಗೀಸರ್ ಹಾಕಿ ಮರೀತಾರೆ. ನಿನ್ ಹತ್ರ ಗಂಟೆಗಟ್ಲೆ ಮಾತಾಡ್ತಾರಲ್ಲ, ನಿಂಗೇನಾದ್ರೂ ಅನ್ಸುತ್ತಾ?”

“ಇಲ್ಲ ಅತ್ತಿಗೆ, ಕತೆ ಎಲ್ಲಾ ಕರೆಕ್ಟಾಗೇ ಹೇಳ್ತಾನೆ” ಅಂದೆ.

ಯಾಕೆ ಹಾಗಂದೆ? ಹೆದರಿಕೆ. ಬಾಯಿಂದ ಆಚೆ ಬಂದರೆ ಅದು ಕಾಯಿಲೆ; ಒಳಗೇ ಇದ್ದರೆ ಬರೀ ಮರೆವು. ಇನ್ನೊಂದೂ ಇದೆ, ಹೇಳಲು ನಾಚಿಕೆ. ಡಾಕ್ಟರು, ಮಾತ್ರೆ ಎಂದು ಶುರುವಾದರೆ ನನ್ನ ಭಾನುವಾರ ಹೋಗುತ್ತದಲ್ಲ?

ನಿಮ್ಮ ಮನೆಯಲ್ಲೂ ಒಂದೇ ಮಾತನ್ನು ಮೂರು ಸಲ ಹೇಳುವವರಿದ್ದಾರಾ? ಮೂರನೇ ಸಲವೂ ಹೊಸದಾಗಿ ಕೇಳಿದಂತೆ ತಲೆ ಆಡಿಸಿ, ಅದನ್ನೇ ಮರ್ಯಾದೆ ಎಂದುಕೊಳ್ಳುತ್ತೀರಾ? ನಾನು ಎಂದುಕೊಂಡೆ. ಮೂರು ತಿಂಗಳು ತಪ್ಪು ಕತೆಗೆ ಸರಿಯಾದ ಜಾಗದಲ್ಲಿ ನಗುತ್ತಾ ಕೂತೆ. ಪ್ರತಿ ವಾರ ಅವನ ಮನೆ ಮೆಟ್ಟಿಲು ಹತ್ತುವಾಗ, ಇವತ್ತು ನನ್ನನ್ನು ಯಾರು ಅಂದುಕೊಳ್ಳುತ್ತಾನೋ ಎಂದು ಕೇಳಿಕೊಳ್ಳುತ್ತಿದ್ದೆ.

ಹೋದ ತಿಂಗಳು ಒಂದು ಮಂಗಳವಾರ ಬೆಳಗ್ಗೆ ಅತ್ತಿಗೆಯ ಫೋನು. “ಹಾಲು ತರೋಕೆ ಹೋದೋರು ಕಣೇ, ಹೋಗಿ ಮೂರು ಗಂಟೆ ಆಯ್ತು, ಬಂದಿಲ್ಲ. ಫೋನ್ ಮನೇಲೇ ಇದೆ.”

ಬಟ್ಟೆಯನ್ನು ಮೆಷಿನ್ನಿನಲ್ಲೇ ಬಿಟ್ಟು ಓಡಿದೆ. ಹೆಬ್ಬಾಳದ ಫ್ಲೈಓವರ್ ಕೆಳಗೆ ನಿಂತು ಒಬ್ಬರನ್ನು ಹುಡುಕಿದ್ದೀರಾ? ನಾಲ್ಕೂ ಕಡೆಯಿಂದ ಗಾಡಿ. ಗಟ್ಟಿಮುಟ್ಟಾದವರೇ ದಾಟಲು ಹೆದರುತ್ತಾರೆ. ಒಂದೊಂದು ಬ್ರೇಕಿನ ಸದ್ದಿಗೂ ಕಣ್ಣು ಮುಚ್ಚಿಕೊಂಡೆ. ನಾನು ಹೇಳಿದ್ದಿದ್ದರೆ ಅತ್ತಿಗೆ ಅವನನ್ನು ಒಬ್ಬನೇ ಕಳಿಸುತ್ತಿದ್ದರಾ? ತಲೆಯಲ್ಲಿ ಇದೊಂದೇ.

ಹನ್ನೊಂದೂವರೆಗೆ ಒಬ್ಬ ಆಟೋದವರು ಅವನನ್ನು ಮನೆಗೆ ತಂದು ಬಿಟ್ಟರು. “ಲೈಬ್ರರಿಗೆ ಟೈಮಾಯ್ತು, ಪ್ರೊಜೆಕ್ಟರ್ ಹಾಕ್ಬೇಕು ಅಂತ ರೋಡ್ ಮಧ್ಯ ನಿಂತಿದ್ರು ಕಣಮ್ಮಾ. ಜೇಬಲ್ಲಿ ಕರೆಂಟ್ ಬಿಲ್ ಇತ್ತು, ಅಡ್ರೆಸ್ ಸಿಕ್ತು. ಒಬ್ರನ್ನೇ ಬಿಡ್ಬೇಡ್ರಮ್ಮಾ.”

ಅಣ್ಣನ ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

ಡಾಕ್ಟರು ಮರೆವಿನ ಕಾಯಿಲೆ ಎಂದರು. ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದೂ ಅಂದರು. ಹೊರಗೆ ಬಂದ ಮೇಲೆ ಅತ್ತಿಗೆ, “ನಾನು ಕೇಳಿದ್ದೆ ಅಲ್ವೇನೇ?” ಅಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಭಾನುವಾರ ಆ ಸಿನಿಮಾವನ್ನೇ ಹಾಕಿದೆವು. ಅತ್ತಿಗೆಯೂ ಬಂದು ಕೂತರು. ಟಿ.ವಿ.ಯಲ್ಲಿ ಬಾಗಿಲು ಬಡಿದ ಸದ್ದು. “ಇವ್ನು ಅವಳ ಗಂಡ” ಅಂದ ಅಣ್ಣ.

“ಅಲ್ಲಣ್ಣ. ಇವ್ನು ಇನ್ಸ್‌ಪೆಕ್ಟರು. ಎರಡನೇ ಗುಂಡಿ ನೋಡು, ಬಿದ್ದೋಗ್ತಿದೆ.”

ಅವನು ನೋಡಿದ. “ಹಂಗಂತ ನಿಂಗ್ಯಾರ್ ಹೇಳಿದ್ದು?”

“ನೀನೇ. ಮೊದಲ್ನೇ ಸಲ ಸರಿಯಾಗೇ ಹೇಳಿದ್ದೆ.”

ಅಣ್ಣ ನನ್ನ ಕಡೆ ತಿರುಗಿದ. ನಾನು ಇಷ್ಟು ದಿನ ಬಚ್ಚಿಟ್ಟ ಹೆದರಿಕೆ ಈಗ ಅವನ ಕಣ್ಣಲ್ಲಿತ್ತು. “ಹಂಗಾದ್ರೆ ನಾನು ತಪ್ಪು ಹೇಳ್ವಾಗ ಯಾಕೇ ನಗ್ತಿದ್ದೆ, ಸರೋಜಿ?”

ಅತ್ತಿಗೆ ಟಿ.ವಿ.ಯನ್ನು ಮ್ಯೂಟ್ ಮಾಡಿದರು.

“ಭಯ ಆಯ್ತಣ್ಣ. ನಿನ್ ಮುಂದೆ ನಕ್ಕೆ, ಅತ್ತಿಗೆಗೆ ಸುಳ್ಳು ಹೇಳ್ದೆ. ತಪ್ಪಾಯ್ತು.”