ಕೈಬಿಡದ ಪಟ್ಟಿ

ಆಂಬುಲೆನ್ಸ್ ಕರೆಗಳು ಬರುವ ನಮ್ಮ ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ರೀಸ್ಟಾರ್ಟಕ್ಕ ಅಂತಲೇ. ಯಾವ ಗಾಡಿ ಯಾವ ಮನೆಗೆ ಹೋಗಬೇಕೆಂದು ತೋರಿಸುವ ಪ್ರೋಗ್ರಾಂ ಬರೆದವಳು ಅವಳೇ. ಹನ್ನೊಂದು ವರ್ಷದಿಂದ ದಿನಾ ಮಧ್ಯಾಹ್ನ ಒಂದೂವರೆಗೆ, ಭಾನುವಾರವೂ ಬಿಡದೆ, ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡುವವಳೂ ಅವಳೇ. ಕರೆಗಳು ಕೊಂಚ ಕಡಿಮೆಯಾಗುವುದು ಆ ಹೊತ್ತಿಗೆ ಮಾತ್ರ. ಮಾಡದಿದ್ದರೆ ಎರಡರ ಹೊತ್ತಿಗೆ ಮೆಮೊರಿ ತುಂಬಿ ಪರದೆ ಅಲುಗಾಡದೆ ನಿಂತುಬಿಡುತ್ತದೆ. ನಿಲ್ಲಿಸುವ ಮುಂಚೆ, ಒಂದು ಗಂಟೆಗೇ ಕೂತು, ಬಾಕಿ ಕರೆಗಳನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟು, ಆಮೇಲೆ ಒಂದೊಂದಾಗಿ ಒಳಗೆ ಹಾಕಬೇಕು. ಅವಳ ಊಟ ಯಾವತ್ತೂ ಮೂರಕ್ಕೇ.

ಹೀಗಿರುವಾಗ ಅವಳಮ್ಮ ಎದೆನೋವೆಂದು ಆಸ್ಪತ್ರೆ ಸೇರಿದರು. ನೋಡಲು ಬಿಡುವುದು ಒಂದರಿಂದ ಎರಡರವರೆಗೆ ಮಾತ್ರ. ಎಂಥ ಗ್ರಹಚಾರ ನೋಡಿ! ಹತ್ತೊಂಬತ್ತು ದಿನ ಅವಳು ಬೆಳಿಗ್ಗೆ ಆಸ್ಪತ್ರೆಯ ಕೆಳಗಿನ ಕೌಂಟರಿನಲ್ಲಿ ಔಷಧಿ ಕೊಟ್ಟು, ಮೇಲೆ ವಾರ್ಡಿಗೆ ಬಿಡದ್ದರಿಂದ ಹಾಗೇ ಆಫೀಸಿಗೆ ಬಂದಳು.

"ಅಕ್ಕಾ, ಇವತ್ತು ನಾನು ಮಾಡ್ತೀನಿ, ನೀವು ಹೋಗಿ," ಎಂದು ಪಕ್ಕದ ಸೀಟಿನ ನಾನು ದಿನಾ ಬಾಯಿ ಬಡಿದುಕೊಂಡೆ.

"ಬೇಡ ಕಣೇ. ಒಂದು ಚೀಟಿ ತಪ್ಪಿದ್ರೆ ಯಾರೋ ಗಾಡಿಗೆ ಕಾಯ್ತಾ ಕೂತಿರ್ತಾರೆ."

ಹತ್ತೊಂಬತ್ತನೇ ದಿನ ನನಗೆ ರೇಗಿತು. "ಈ ಪ್ರೋಗ್ರಾಂ ಬರೆದ ಭಾಷೇಲಿ, ಮೆಮೊರಿಲಿರೋ ಬೇಡದ್ದನ್ನ ಅದೇ ಗುಡಿಸಿಹಾಕುತ್ತೆ ಅಂತ ನೀವೇ ತಾನೇ ಜಂಬ ಕೊಚ್ಚಿಕೊಂಡಿದ್ದು? ಈಗ ಗುಡಿಸೋಕೆ ಅದಕ್ಕೇನು ದಾಡಿ?"

"ಯಾರೂ ಹಿಡ್ಕೊಂಡಿಲ್ಲದ್ದನ್ನ ಮಾತ್ರ ಗುಡಿಸೋದು. ಯಾರಾದ್ರೂ ಹಿಡ್ಕೊಂಡಿದ್ರೆ, ಬೇಕೇನೋ ಅಂತ ಬಿಟ್ಟುಬಿಡುತ್ತೆ," ಎಂದವಳು ಪರದೆಯ ಕಡೆ ತಿರುಗಿದಳು. "ಯಾರು ಹಿಡ್ಕೊಂಡಿದ್ದಾರೆ ಅಂತ ನಾನು ನೋಡೇ ಇಲ್ವಲ್ಲೇ."

ನೋಡುವುದಕ್ಕೆ ಬಿಡುವಾದರೂ ಎಲ್ಲಿತ್ತು? ರೀಸ್ಟಾರ್ಟ್ ಮಾಡಿದರೆ ಆವತ್ತಿಗೆ ಸರಿಹೋಗುತ್ತಿತ್ತು.

ಆವತ್ತು ರೀಸ್ಟಾರ್ಟ್ ಮುಗಿಸಿ ಹುಡುಕಲು ಕೂತಳು. ಸಂಜೆಯೊಳಗೆ ಸಿಕ್ಕಿತು. ಮೊದಲ ವಾರ ಪ್ರೋಗ್ರಾಮನ್ನು ಪರೀಕ್ಷಿಸಲೆಂದು ಅವಳೇ ಮಾಡಿಟ್ಟು ಮರೆತ ಒಂದು ಪಟ್ಟಿ. ಬಂದ ಪ್ರತಿ ಕರೆಯೂ ಅದರೊಳಗೆ ಸೇರುತ್ತಿತ್ತು. ರೋಗಿ ಆಸ್ಪತ್ರೆ ಸೇರಿ, ಗಾಡಿ ವಾಪಸ್ ಬಂದು ನಿಂತರೂ ಪಟ್ಟಿ ಮಾತ್ರ ಅದನ್ನು ಬಿಡುತ್ತಿರಲಿಲ್ಲ. ತೆಗೆಯಬೇಕಾದದ್ದು ಒಂದೇ ಸಾಲು.

"ಒಂದು ಸಾಲಿಗೆ ಹನ್ನೊಂದು ವರ್ಷಾನಾ ಅಕ್ಕಾ!"

"ನಗಬೇಡ್ವೇ, ಸುಸ್ತಾಗಿದೆ," ಎಂದಳು. ಅವಳ ಕಣ್ಣು ತುಂಬಿದ್ದು ಕಂಡು ನನಗೆ ನಾಚಿಕೆಯಾಯಿತು.

ಮಾರನೆಯ ದಿನ ಹನ್ನೆರಡೂವರೆಯಾದರೂ ಮೆಮೊರಿ ಎಷ್ಟು ತುಂಬಿದೆಯೆಂದು ತೋರಿಸುವ ಗೆರೆ ಮೇಲೇರಲಿಲ್ಲ. ಅವಳು ಇನ್ನೂ ಪರದೆಯನ್ನೇ ನೋಡುತ್ತ ಕೂತಿದ್ದಳು. ನಾನೇ ಅವಳ ಕೈಗೆ ಚೀಲ ತುರುಕಿ ಎಬ್ಬಿಸಿ, ಊಟದ ಬಿಡುವಿನಲ್ಲಿ ಜೊತೆಗೆ ಹೊರಟೆ. ಆಫೀಸಿನಿಂದ ಆಸ್ಪತ್ರೆಗೆ ನಡೆದರೆ ಹತ್ತೇ ನಿಮಿಷ.

ವಾರ್ಡಿನ ಬಾಗಿಲಲ್ಲಿ ನರ್ಸ್ ತಡೆದಳು. "ಯಾರನ್ನ ನೋಡಬೇಕು?"

"ಮೂರನೇ ಬೆಡ್ಡು. ನಮ್ಮಮ್ಮ."

ನರ್ಸಿನ ಮುಖ ಅರಳಿತು. "ಅಯ್ಯೋ, ನೀವೇನಾ! ಮಗಳು ಪರದೇಶದಲ್ಲಿದ್ದಾಳೆ, ಅಷ್ಟು ದೂರದಿಂದ ಬರೋದು ಸುಲಭನಾ, ಅವಳನ್ನ ಯಾರೂ ಏನೂ ಅನ್ನಬೇಡಿ ಅಂತ ನಿಮ್ಮಮ್ಮ ದಿನಾ ಹೇಳ್ತಿರ್ತಾರೆ. ಯಾವಾಗ ಬಂದ್ರಿ?"

ಅಕ್ಕ ನನ್ನ ಕಡೆ ನೋಡಲಿಲ್ಲ.

"ಈಗ ತಾನೇ," ಎಂದಳು.