ಕೆನೆಬಣ್ಣಕ್ಕೆ ಬಿದ್ದ ನೀಲಿ

ನನ್ನ ನಡುಮನೆಯ ಗತಿ ಕೇಳಿ, ಗೆಳತಿಯರೇ. ನಾಳೆ ತಂಗಿಯನ್ನು ನೋಡಲು ಗಂಡಿನವರು ಬರುತ್ತಾರೆಂದು ವಾರವಿಡೀ ಶೇಡ್ ಕಾರ್ಡ್ ತಿರುವಿ, ಕೆನೆಬಣ್ಣದ ಡಿಸ್ಟೆಂಪರ್ ಆರಿಸಿ, ದಾವಣಗೆರೆಯಿಂದ ಚನ್ನಗಿರಿವರೆಗೆ ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಇವತ್ತು ಸಂಜೆ ಶಾಲೆಯಿಂದ ಬಂದು ನೋಡಿದರೆ ಗೋಡೆಯೆಲ್ಲ ಪಾಚಿಹಸಿರು!

"ಏನ್ರೀ ಇದು, ಹನುಮಂತಪ್ಪ?"

ಊರ ಮನೆಗಳಿಗೆ ಸುಣ್ಣ ಬಳಿಯುತ್ತಲೇ ತಲೆ ನರೆತ ಮನುಷ್ಯ ಹೆಮ್ಮೆಯಿಂದ ಹೇಳಿದ: "ಅಂಗಡಿಯೋರು ನಿಮಗೆ ಮೋಸ ಮಾಡ್ಯಾರೆ ಅಮ್ಮಾರೆ. ಬಿಳಿ ಹೋಗಿ ಹಳದಿ ಆಗಿತ್ತು. ಬೆಳ್ಳಗಾಗ್ಲಿ ಅಂತ ಸುಣ್ಣಕ್ಕೆ ಹಾಕೋ ಹಂಗೆ ನಾಕು ಪೊಟ್ಟಣ ನೀಲಿ ಹಾಕಿ ಸರಿ ಮಾಡೀನಿ."

"ನನಗೆ ಬೇಕಾಗಿದ್ದೇ ಆ ಕೆನೆಬಣ್ಣ ಕಣ್ರೀ!"

"ಹೊಗೆ ಹಿಡಿದ ಹಳೇ ಗೋಡೆ ಅದೇ ಬಣ್ಣ ಇತ್ತಲ್ರೀ? ಮತ್ತೆ ನನ್ನ ಯಾಕೆ ಕರೆಸಿದ್ರಿ?"

ಸಿಟ್ಟು ನೆತ್ತಿಗೇರಿತ್ತು. ಈಗ ನಾಳೆ ಗಂಡಿನವರಿಗೆ ಹೇಳಲು ಶೇಡ್ ಕಾರ್ಡಿನಲ್ಲಿ ಈ ಹಸಿರಿನ ಹೆಸರು ಹುಡುಕುತ್ತಿದ್ದೇನೆ.